ಮೊದಲ ಸಾಲು

ತೋಳು ಹೆಗಲವರೆಗೂ ಕಲ್ಲಿನ ಸಂದಿಯೊಳಗೆ ಹೋಗಿತ್ತು. ಕೆನ್ನೆ ಗೋಡೆಗೆ ಒತ್ತಿಕೊಂಡಿತ್ತು. ಬೆರಳ ತುದಿಗೆ ತಣ್ಣಗಿನದೇನೋ ತಗುಲಿ ಮತ್ತೆ ತಪ್ಪಿಸಿಕೊಂಡಿತು. ಹಿಂದಿನಿಂದ ನಾಯಿ ಬೊಗಳಿತು.

ತಿರುಗಲು ತೋಳು ಬಿಡಲಿಲ್ಲ. ಕತ್ತು ಮಾತ್ರ ಹೊರಳಿಸಿ ನೋಡಿದ. ನಾಯಿಯ ಹಗ್ಗ ಹಿಡಿದುಕೊಂಡು ಒಬ್ಬ ಗಂಡಸು ನಿಂತಿದ್ದ. ಅನುಮಾನ ನಾಯಿಗಿಂತ ಅವನ ಮುಖದಲ್ಲೇ ಹೆಚ್ಚಿತ್ತು.

"ಏನಾದ್ರೂ ಬಿತ್ತಾ?"

"ಹೌದು. ಬೀಗದ ಕೈ."

"ಅಷ್ಟು ಒಳಗಾ?"

"ಉರುಳಿತು."

ಗಂಡಸು ಸಂದಿಯನ್ನು ನೋಡಿದ, ನೆಲದಿಂದ ಅದು ಎಷ್ಟು ಎತ್ತರದಲ್ಲಿದೆ ಎಂದು ನೋಡಿದ, ಬೀಗದ ಕೈ ಮೇಲಕ್ಕೆ ಉರುಳುವ ಬಗೆಯನ್ನು ಯೋಚಿಸಿದ. ನಾಯಿಯನ್ನು ಎಳೆದುಕೊಂಡು ಹೊರಟುಹೋದ.

ಐವತ್ತನಾಲ್ಕು ವರ್ಷ ವಯಸ್ಸು. ನಕ್ಷೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷದ ಸೇವೆ. ಕೈಕೆಳಗೆ ಆರು ಜನ. ಭಾನುವಾರ ಹನ್ನೊಂದೂವರೆ ಗಂಟೆಗೆ ಪಾಳುಬಿದ್ದ ಪಂಪ್‌ಹೌಸಿನ ಗೋಡೆಯನ್ನು ತಬ್ಬಿಕೊಂಡು ಸುಳ್ಳು ಹೇಳುತ್ತಿದ್ದೇನೆ, ಎಂದುಕೊಂಡ. ನಿಜ ಹೇಳಬಹುದಿತ್ತು. ನಮ್ಮಕ್ಕ ಇಲ್ಲೊಂದು ಡಬ್ಬಿ ಬಚ್ಚಿಟ್ಟಿದ್ದಾಳೆ, ತೆಗೆದುಕೊಂಡು ಹೋಗಲು ಬಂದೆ. ಬಚ್ಚಿಟ್ಟಿದ್ದಳು. ನಾಲ್ಕು ತಿಂಗಳಾದರೂ ಅಕ್ಕನ ವಿಷಯದಲ್ಲಿ ಕ್ರಿಯಾಪದದ ಕಾಲ ಸರಿಮಾಡಿಕೊಳ್ಳುವುದು ಅಭ್ಯಾಸವಾಗಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಭಾವನ ಮನೆಯಲ್ಲಿದ್ದ. ಭಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಮೂವತ್ತು ವರ್ಷ ಊರಿನ ಜನರನ್ನು ಹತ್ತಿಸಿ ಇಳಿಸಿದವರಿಗೆ ಈಗ ಎರಡೂ ಮಂಡಿ ಹೋಗಿವೆ. ಬಾಗಿಲ ಮುಂದಿನ ಮೂರು ಮೆಟ್ಟಿಲಿಗೂ ಗೋಡೆ ಹಿಡಿಯಬೇಕು. ಅಡುಗೆಮನೆಯ ಮೇಜಿನ ಮೇಲೆ ಅಕ್ಕನ ನೋಟ್‌ಬುಕ್ಕು ಬಿಚ್ಚಿಕೊಂಡಿತ್ತು.

"ಅವಳ ಆಟದವರಿಂದ ದಿನಾ ಒಂದು ಮೇಲ್ ಬರುತ್ತೆ," ಭಾವ ಹೇಳಿದರು. "ನಿಮ್ಮ ಡಬ್ಬಿ ಒದ್ದೆಯಾಗಿದೆ. ನಿಮ್ಮ ಡಬ್ಬಿ ಮುಚ್ಚಳ ಸಡಿಲ ಆಗಿದೆ. ಒಡೆಯರು ಬಂದು ನೋಡಬೇಕು, ಇಲ್ಲದಿದ್ರೆ ಪಟ್ಟಿಯಿಂದ ತೆಗೀತೀವಿ. ನಾನೇನು ಉತ್ತರ ಕೊಡಲಿ?"

"ಇಲ್ಲ ಅಂತ ಬರೀಬಹುದಲ್ಲ."

"ಯಾರು ಇಲ್ಲ ಅಂತ?"

ಅವನು ಲೋಟದ ತಳ ನೋಡಿದ.

"ಹತ್ತೊಂಬತ್ತು ಇವೆ," ಎಂದರು ಭಾವ. "ಎಲ್ಲಾ ತೆಗಿ ಅನ್ನಲ್ಲ. ಹದಿನಾಲ್ಕನೇದು ಒಂದು ತಂದುಕೊಡು."

"ಹದಿನಾಲ್ಕನೇದೇ ಯಾಕೆ?"

"ಹತ್ತಿರ ಇದೆ."

ಹತ್ತಿರವಿರಲಿಲ್ಲ. ನೋಟ್‌ಬುಕ್ಕಿನ ಅಂಕಿ ನೋಡಿದರೆ ಸಾಕು, ಜಾಗ ಅವನ ತಲೆಯಲ್ಲಿ ತಾನಾಗಿ ಮೂಡುತ್ತಿತ್ತು. ಮೂರನೆಯದು ಪಕ್ಕದ ಬೀದಿಯಲ್ಲಿತ್ತು. ಏಳನೆಯದು ಗ್ರಂಥಾಲಯದ ಹಿಂದೆ. ಹದಿನಾಲ್ಕನೆಯದಕ್ಕೆ ಎರಡು ಬಸ್ಸು ಬದಲಾಯಿಸಿ, ಊರಂಚಿನ ಹಳೆಯ ನೀರಿನ ಟ್ಯಾಂಕಿನ ಗುಡ್ಡ ಹತ್ತಬೇಕು. ಭಾವನಿಗೂ ಅದು ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

"ಇವತ್ತು ಆಫೀಸಿನ ಕೆಲಸ ಸ್ವಲ್ಪ..."

"ಭಾನುವಾರಾನಾ?"

"ಮುಂದಿನ ವಾರ ಆದ್ರೆ..."

 'ಮುಂದಿನ ವಾರ' ಎನ್ನುವುದು ಆ ಮನೆಯಲ್ಲಿ ಒಂದು ಹಳೆಯ ಕುರ್ಚಿಯ ಹಾಗೆ. ಯಾರು ಕೂತರೂ ಅದು ಹೇಗೆ ಕಿರುಗುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಭಾವ ಮೆಲ್ಲಗೆ ಎದ್ದು, ಜಾಗ ತೋರಿಸುವ ಅಕ್ಕನ ಹಳದಿ ಯಂತ್ರವನ್ನು ಬೀರುವಿನಿಂದ ತಂದು ಅವನ ಅಂಗೈಯಲ್ಲಿಟ್ಟರು.

"ಬ್ಯಾಟರಿ ಹೊಸದು ಹಾಕಿದೀನಿ."

ಎರಡನೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ತೊಡೆಯ ಮೇಲೆ ಯಂತ್ರ ಆಕಾಶದ ಉಪಗ್ರಹಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಿತ್ತು. ನಾಲ್ಕು, ಐದು, ಏಳು. ಇದಕ್ಕೆಲ್ಲ ಮೂಲ ತಾನೇ ಎಂದು ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳೇ, ಮರೆತಿದ್ದರೆ ತಾನೆ.

ಎರಡು ಸಾವಿರದ ಇಸವಿ, ಮೇ ತಿಂಗಳು. ಅವನಿಗೆ ಮೂವತ್ತು, ಅಕ್ಕನಿಗೆ ಮೂವತ್ತೆಂಟು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ, ಆಫೀಸಿನಲ್ಲಿ ಆ ವಾರ ಎಲ್ಲರೂ ಆಡುತ್ತಿದ್ದ ಮಾತನ್ನು ಅವನೂ ಆಡಿದ್ದ. ಜಾಗ ತೋರಿಸುವ ಉಪಗ್ರಹಗಳ ಸಂಕೇತವನ್ನು ಅವುಗಳ ಒಡೆಯರಾದ ಸೈನ್ಯದವರು ಇಷ್ಟು ದಿನ ಬೇಕೆಂದೇ ಮಬ್ಬು ಮಾಡಿ ಬಿಡುತ್ತಿದ್ದರು. ಸಾಮಾನ್ಯರ ಕೈಯ ಯಂತ್ರ ಫುಟ್‌ಬಾಲ್ ಮೈದಾನದಷ್ಟು ಆಚೀಚೆ ತಪ್ಪು ಹೇಳುತ್ತಿತ್ತು. ಮೊನ್ನೆ ಒಂದು ಆಜ್ಞೆ ಹೊರಟಿತು, ಮಬ್ಬು ಹೋಯಿತು. ಈಗ ಯಾರು ಬೇಕಾದರೂ ತಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ಕೆಲವೇ ಹೆಜ್ಜೆಗಳ ಲೆಕ್ಕದಲ್ಲಿ ತಿಳಿಯಬಹುದು.

ಅಕ್ಕ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು, "ಅಂದ್ರೆ ಲೋಕಕ್ಕೆಲ್ಲಾ ಒಂದೇ ಸಲ ಕನ್ನಡಕ ಬಂತು ಅನ್ನು," ಎಂದಳು.

"ಹಾಗೇನಿಲ್ಲ. ತಾಂತ್ರಿಕ ವಿಷಯ."

"ಹಾಗಾದ್ರೆ ನಾನೊಂದು ವಸ್ತು ಎಲ್ಲಾದ್ರೂ ಇಟ್ಟು, ನಿನಗೆ ಬರೀ ಎರಡು ಅಂಕಿ ಹೇಳಿದ್ರೆ, ನೀನು ನೆಟ್ಟಗೆ ಅಲ್ಲಿಗೆ ಬರ್ತೀಯಾ?"

"ಬರಬಹುದು. ಯಾಕೆ ಬರಬೇಕು?"

ಭಾವ ನಕ್ಕಿದ್ದರು. ಅಕ್ಕ ನಕ್ಕಿರಲಿಲ್ಲ.

ಕೆಲವು ವಾರಗಳ ಮೇಲೆ ಇನ್ನೊಂದು ಸುದ್ದಿ ಓದಿ, ಅವನೇ ಅಕ್ಕನಿಗೆ ಫೋನು ಮಾಡಿ ಹೇಳಿದ್ದ, ನಗಲೆಂದು. ದೂರದ ದೇಶವೊಂದರಲ್ಲಿ ಯಾರೋ ಒಬ್ಬ, ಮಬ್ಬು ಹೋದ ಮಾರನೆಯ ದಿನವೇ, ಕಾಡಂಚಿಗೆ ಹೋಗಿ ಕಪ್ಪು ಬಕೆಟ್ಟೊಂದನ್ನು ಅರ್ಧ ಹೂತಿಟ್ಟನಂತೆ. ಒಳಗೆ ಒಂದು ಪುಸ್ತಕ, ಪೆನ್ಸಿಲ್ಲು, ಒಂದಷ್ಟು ಚಿಲ್ಲರೆ ಸಾಮಾನು, ಒಂದು ಕಾಳಿನ ಡಬ್ಬ. ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕಿ, ಹುಡುಕಿ ನೋಡಿ, ಒಂದು ತೆಗೆದುಕೊಂಡರೆ ಒಂದು ಇಡಿ, ಪುಸ್ತಕದಲ್ಲಿ ಬರೆದುಹೋಗಿ ಎಂದನಂತೆ. ಮೂರು ದಿನದೊಳಗೆ ಇಬ್ಬರು ಹುಡುಕಿಕೊಂಡು ಹೋದರಂತೆ. ಈಗ ಅಲ್ಲಿ ಇಲ್ಲಿ ಎಲ್ಲರೂ ಡಬ್ಬಿ ಬಚ್ಚಿಡತೊಡಗಿದ್ದಾರಂತೆ.

"ಹುಚ್ಚರ ಸಂತೆ," ಎಂದು ಮುಗಿಸಿದ್ದ.

 ಅಕ್ಕ, "ಕಾಳಿನ ಡಬ್ಬ ಯಾಕಿಟ್ಟನಂತೆ?" ಎಂದು ಕೇಳಿದ್ದಳು. 

ಮುಂದಿನ ವರ್ಷ ಅವಳ ಕೈಯಲ್ಲಿ ಹಳದಿ ಯಂತ್ರವಿತ್ತು. ಭಾನುವಾರಗಳಂದು ಕ್ಯಾನ್ವಾಸ್ ಶೂ ಹಾಕಿಕೊಂಡು ಮನೆಬಿಟ್ಟರೆ ಮಧ್ಯಾಹ್ನಕ್ಕೆ ಮೈಯೆಲ್ಲ ಮುಳ್ಳುಗೀರು ಮಾಡಿಕೊಂಡು ಬರುತ್ತಿದ್ದಳು. ಅಂಗಡಿಯ ಹಳೆಯ ಕನ್ನಡಕದ ಡಬ್ಬಿಗಳಲ್ಲಿ ಚೀಟಿ ಇಟ್ಟು ಊರೆಲ್ಲ ಬಚ್ಚಿಟ್ಟಳು. ಸೇತುವೆಯ ಕೆಳಗೆ, ಬೆಂಚಿನ ಅಡಿ, ಮರದ ಪೊಟರೆಯಲ್ಲಿ. ಆಟದಲ್ಲಿ ಎಲ್ಲರಿಗೂ ಒಂದೊಂದು ಅಡ್ಡಹೆಸರು. ಕನ್ನಡಕದಂಗಡಿಯವಳೆಂದು ಅವಳದು ಚಾಳೀಸು.

ಅವನನ್ನೂ ಕರೆದಳು. ಒಂದು ಸಲ ಅಲ್ಲ. ಈ ಭಾನುವಾರ ಬಾರೋ ಪುಟ್ಟೂ, ಬರೀ ಎರಡು ಗಂಟೆ. ಮುಂದಿನ ವಾರ, ಎನ್ನುತ್ತಿದ್ದ. ಬಿಡುವಿರಲಿಲ್ಲ ಎಂದಲ್ಲ. ಅವನ ಮದುವೆ ನಾಲ್ಕು ವರ್ಷ ನಡೆದು ನಿಂತಿತ್ತು. ಬಿಡುವು ಒಂದು ಬೇಕಾದಷ್ಟಿತ್ತು. ಭಾನುವಾರ ಹಾಸಿಗೆಯ ಮೇಲೆ ಮಲಗಿ, ತಾನು ಎಂದೂ ನೋಡದ ಊರುಗಳ ನಕ್ಷೆ ತಿದ್ದುತ್ತಿದ್ದ. ನದಿಯ ಹೆಸರು ನದಿಯ ಮೇಲೆ ಬೀಳಬಾರದು, ಹಳ್ಳಿಯ ಹೆಸರು ರಸ್ತೆಗೆ ತಾಗಬಾರದು. ಇಪ್ಪತ್ತೆಂಟು ವರ್ಷ ಅದೇ ಕೆಲಸ. ಒಮ್ಮೆ ಅಕ್ಕನ ಆಟದ ಸ್ನೇಹಿತೆಯರೆಲ್ಲ ಮನೆಗೆ ಬಂದಿದ್ದಾರೆಂದು ತಿಳಿದೂ, ಪಕ್ಕದ ಕೋಣೆಯಿಂದ ಗಟ್ಟಿಯಾಗಿಯೇ, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕೋದು ಅಂದ್ರೆ ಇದೇ," ಎಂದು ಭಾವನಿಗೆ ಹೇಳಿದ್ದ. ಗಾದೆ ಅಲ್ಲಿ ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಯೋಚಿಸಿರಲಿಲ್ಲ. ಅತ್ತ ಸ್ನೇಹಿತೆಯರ ನಗು ನಿಂತಿತು. ಅಷ್ಟೇ ಬೇಕಾಗಿತ್ತು ಅವನಿಗೆ.

ಅವನಿಗೆ ನಲವತ್ತು ತುಂಬಿದ ದಿನ ಅಕ್ಕ ಅಂಗಡಿಗೆ ಕರೆಸಿಕೊಂಡಳು. ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಪರೀಕ್ಷೆಯ ಗಾಜುಗಳನ್ನು ಒಂದೊಂದಾಗಿ ಹಾಕಿ ತೆಗೆದು, ಕೊನೆಗೆ ತಾನೇ ಆರಿಸಿದ ಚಾಳೀಸೊಂದನ್ನು ಮೂಗಿನ ಮೇಲಿಟ್ಟಳು.

"ನಲವತ್ತಾಯ್ತಲ್ಲ. ಇನ್ನು ದೂರದ್ದು ಚೆನ್ನಾಗಿ ಕಾಣುತ್ತೆ. ಹತ್ತಿರದ್ದು ಕಾಣಲ್ಲ."

ಎಂದು ಹೇಳಿ, ಒಂದು ದಪ್ಪ ಕಾಗದದ ಕಾರ್ಡು ಕೊಟ್ಟಳು. ಅದರ ಮೇಲೆ ಅವಳ ಕೈಬರಹದಲ್ಲಿ ಎರಡು ಸಾಲು ಅಂಕಿ. ಬೇರೇನೂ ಇಲ್ಲ.

ಅವನು ಹೊಸ ಕನ್ನಡಕದಲ್ಲಿ ಅದನ್ನು ನೋಡಿದ. ಜೇಬಿನಿಂದ ಕೆಂಪು ಪೆನ್ನು ತೆಗೆದ.

"ದಿಕ್ಕು ಬರೆದಿಲ್ಲ. ದಿಕ್ಕಿಲ್ಲದೆ ಅಂಕಿಗೆ ಅರ್ಥ ಇಲ್ಲ," ಎನ್ನುತ್ತ ಒಂದರ ಮುಂದೆ 'ಉತ್ತರ' ಎಂದೂ ಇನ್ನೊಂದರ ಮುಂದೆ 'ಪೂರ್ವ' ಎಂದೂ ಬರೆದ. "ಮತ್ತೆ ಈ ಬಿಂದು ಇಲ್ಲಿ ಬರಬೇಕು." ಬಿಂದುವಿಗೆ ಸುತ್ತು ಹಾಕಿ ಬಾಣ ಎಳೆದ. ಕೈಕೆಳಗಿನವರಿಗೆ ಕರಡು ಹಿಂದಿರುಗಿಸುವಂತೆ ಕಾರ್ಡನ್ನು ಅವಳ ಕೈಗೆ ಹಿಂದಕ್ಕೆ ಕೊಟ್ಟ.

ಅಕ್ಕ ಅದನ್ನು ಓದಿದಳು. ಹಿಂದೆ ತಿರುಗಿಸಿ ನೋಡಿದಳು, ಅಲ್ಲೇನೋ ಇರಬೇಕಾಗಿತ್ತು ಎಂಬಂತೆ.

"ಸರಿ ಸಾರ್," ಎಂದು ಮೇಜಿನ ಡ್ರಾಯರಿನೊಳಗೆ ಹಾಕಿದಳು.

ತಿದ್ದಿಕೊಡಲೆಂದೇ ಕೊಟ್ಟಿದ್ದಳು ಎಂದು ಅವನು ಹದಿನಾಲ್ಕು ವರ್ಷ ನಂಬಿದ್ದ. ಆ ನಂಬಿಕೆ ಅನುಕೂಲವಾಗಿತ್ತು.

ಗುಡ್ಡದ ಮೇಲೆ ಯಂತ್ರ 'ಮೂರು ಮೀಟರ್' ಎಂದು ತೋರಿಸಿ ಕೈತೊಳೆದುಕೊಂಡಿತ್ತು. ಮುಕ್ಕಾಲು ಗಂಟೆ ಅವನು ಆ ಮೂರು ಮೀಟರಿನೊಳಗೆ ಕಲ್ಲು ಎತ್ತಿದ, ಪೊದೆ ಬಗೆದ, ತುಕ್ಕುಹಿಡಿದ ಕೊಳವೆಯೊಳಗೆ ಇಣುಕಿದ. ಈಗ, ನಾಯಿಯವನು ಇಳಿದುಹೋದ ಮೇಲೆ, ತುದಿಗಾಲಲ್ಲಿ ನಿಂತು ತೋಳನ್ನು ಇನ್ನೂ ಎರಡು ಬೆರಳು ಒಳಗೆ ತಳ್ಳಿದ. ಹಿಡಿಕೆ ಸಿಕ್ಕಿತು. ಎಳೆದಾಗ ಮೊಣಕೈ ತರಚಿತು.

ಅಂಗಡಿಯಲ್ಲಿ ಪರೀಕ್ಷೆಯ ಗಾಜುಗಳನ್ನು ಜೋಡಿಸಿಡುತ್ತಿದ್ದ ಕಬ್ಬಿಣದ ಪೆಟ್ಟಿಗೆ. ಅವನು ನೆಲದ ಮೇಲೆ ಕೂತು ಮುಚ್ಚಳ ತೆಗೆದ. ಒಂದು ಸೀಟಿ, ಗೋಲಿ, ಗುಂಡಿಗಳು, ಯಾವುದೋ ಬಾಗಿಲಿನ ಹಿತ್ತಾಳೆ ನಂಬರು. ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಪುಸ್ತಕ, ಮೊಂಡು ಪೆನ್ಸಿಲ್ಲು. ತಳದಲ್ಲಿ ಒಂದು ಕಾರ್ಡು.

ಕಾರ್ಡನ್ನು ಗುರುತಿಸಲು ಚಾಳೀಸು ಬೇಕಾಗಲಿಲ್ಲ. ಕೆಂಪು ಶಾಯಿ ತೋಳಳತೆ ದೂರದಿಂದಲೇ ಕಂಡಿತು. ಉತ್ತರ. ಪೂರ್ವ. ಬಿಂದುವಿನ ಸುತ್ತ ಸುತ್ತು.

ಪುಸ್ತಕ ತೆರೆಯಲು ಮಾತ್ರ ಚಾಳೀಸು ಹಾಕಿಕೊಂಡ.   ಮೊದಲ ಪುಟ ಹಳೆಯದು, ಅಂಚು ಕಂದಿ, ಬೇರೊಂದು ಹಾಳೆಯ ಮೇಲೆ ಅಂಟಿಸಿದ್ದು. ಅಕ್ಕನ ಅಕ್ಷರ.

'ಈ ಪೆಟ್ಟಿಗೆ ನನ್ನ ತಮ್ಮನಿಗೆ ಅಂತ ಇಟ್ಟದ್ದು. ಮೊದಲು ಹುಡುಕುವವನು ಅವನೇ. ನೀವು ಮುಂಚೆ ಬಂದಿದ್ದರೆ ಬೇಸರ ಬೇಡ, ಎರಡನೇ ಸಾಲಿನಿಂದ ಬರೆಯಿರಿ. ಚಾಳೀಸು.'

ಕೆಳಗೆ ಸ್ಕೇಲಿಟ್ಟು ಎಳೆದ ಸಾಲುಗಳು. ಒಂದನೆಯ ಅಂಕಿಯ ಮುಂದೆ ಏನೂ ಇರಲಿಲ್ಲ. ಎರಡರಿಂದ ಹೆಸರುಗಳು ಶುರುವಾಗಿದ್ದವು. ಇಳಿಜಾರು. ಮೂರು ಬಾತುಕೋಳಿ. ಟಪಾಲು. ಸೂಜಿ. ಪಕ್ಕದಲ್ಲಿ ತಾರೀಕು, ಒಂದೊಂದು ಮಾತು. 'ಚಳಿ. ಮೊದಲ ಸಾಲು ಹಾಗೇ ಇದೆ.' 'ತಮ್ಮ ಇನ್ನೂ ಬಂದಿಲ್ಲ.' 'ಸೀಟಿ ಇಟ್ಟು ಗೋಲಿ ತೆಗೆದುಕೊಂಡೆ. ತಮ್ಮನಿಗೆ: ದಾರಿ ಅಷ್ಟೇನೂ ಕಷ್ಟ ಇಲ್ಲ.' 'ಹೆಂಡತಿ ಜೊತೆ ಎರಡನೇ ಸಲ. ಬಂದಿರಬಹುದು ಅಂದುಕೊಂಡಿದ್ದೆವು.' ಪುಟದ ಮೇಲೆ ಪುಟ. ಕೊನೆಯ ಅಂಕಿ ಇನ್ನೂರ ಹನ್ನೆರಡು.

ಇನ್ನೂರ ಹನ್ನೊಂದು ಸಲ ಅಪರಿಚಿತರು ಅವನಿಗಾಗಿ ಜಾಗ ಬಿಟ್ಟು ಸರಿದು ಕೂತಿದ್ದರು.

"ಸಿಕ್ತಾ?"

ತಲೆ ಎತ್ತಿದ. ಕ್ಯಾನ್ವಾಸ್ ಟೋಪಿ ಹಾಕಿಕೊಂಡ ಹೆಂಗಸು, ಅರವತ್ತೈದರ ಮೇಲಿರಬಹುದು, ಊರುಗೋಲಿನ ಮೇಲೆ ಭಾರ ಬಿಟ್ಟು ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ಕೈಯಲ್ಲಿ ಅಂಥದ್ದೇ ಯಂತ್ರ, ಹಸಿರು ಬಣ್ಣದ್ದು.

"ಸಿಕ್ಕಿತು."

"ಮೊದಲ ಸಲಾನಾ? ಎಷ್ಟು ಹೊತ್ತು ಹುಡುಕಿದ್ರಿ?"

"ಮುಕ್ಕಾಲು ಗಂಟೆ."

"ನನಗೆ ಮೂರು ದಿನ ಆಗಿತ್ತು. ನಾನು ಸೂಜಿ." ನಕ್ಕಳು. "ಆಟದ ಹೆಸರು. ನರ್ಸ್ ಆಗಿದ್ದೆ, ಅದಕ್ಕೆ." ಎದುರಿನ ಕಲ್ಲಿನ ಮೇಲೆ ಕೂತವಳು ತಟ್ಟನೆ ಮುಂದಕ್ಕೆ ಬಾಗಿದಳು. "ಅಯ್ಯೋ, ಮೊದಲ ಸಾಲಿನಲ್ಲಿ ಬರೆದುಬಿಟ್ರಾ?"

"ಇಲ್ಲ. ಬರೆದಿಲ್ಲ."

"ಸದ್ಯ. ಹೊಸಬರು ಓದೋದೇ ಇಲ್ಲ." ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಮೊದಲ ಪುಟ ನೋಡಿ ಸಮಾಧಾನಪಟ್ಟಳು. ಆಮೇಲೆ ಅವನ ಮುಖ ನೋಡಿದಳು. "ನೀವು ತಮ್ಮ ಅಲ್ಲ ತಾನೆ?"

ಗಾಳಿ ಒಣಹುಲ್ಲಿನ ಮೇಲೆ ಹಾದುಹೋಯಿತು. ಹೌದು ಎನ್ನಲು ಒಂದು ಕ್ಷಣ ಸಾಕಾಗಿತ್ತು. ಆ ಕ್ಷಣ ಇತ್ತು ಕೂಡ. ಅವನು ಅದನ್ನು ನೋಡಿದ, ಬಸ್ಸು ಬಂದು ನಿಂತದ್ದನ್ನು ನೋಡುವ ಹಾಗೆ.

"ಅಲ್ಲ," ಎಂದ.

"ನೋಡಿದ ತಕ್ಷಣ ಹಾಗನ್ನಿಸಿತು. ಗಂಡಸರು ಒಬ್ಬೊಬ್ಬರೇ ಬಂದ್ರೆ ನಾವೆಲ್ಲಾ ಹಾಗೇ ಕೇಳೋದು." ಅವಳು ಟೋಪಿ ತೆಗೆದು ಬೀಸಿಕೊಂಡಳು. "ಆ ತಮ್ಮನ ಮೇಲೆ ನಮ್ಮಲ್ಲಿ ಎಷ್ಟು ಕಥೆ ಗೊತ್ತಾ? ಟಪಾಲು ಹೇಳ್ತಾರೆ, ಅವನಿಗೆ ಕಾಲಿಲ್ಲ ಅಂತ. ಬಾತುಕೋಳಿಯವರು, ತೀರಿಹೋಗಿದ್ದಾನೆ, ಅಕ್ಕ ಒಪ್ಪಿಕೊಂಡಿಲ್ಲ ಅಂತ. ತಮ್ಮ ಅನ್ನೋನು ಇಲ್ಲವೇ ಇಲ್ಲ ಅನ್ನೋರೂ ಇದಾರೆ."

"ನೀವೇನಂತೀರಿ?"

"ನಾನು ಕೇಳೇಬಿಟ್ಟೆ. ಚಾಳೀಸಮ್ಮಾ, ನಿಮ್ಮ ತಮ್ಮ ಎಲ್ಲಿದ್ದಾರೆ ಅಂತ. ಇಲ್ಲೇ, ಎರಡು ಬಸ್ಸಿನ ದೂರ, ಅಂದ್ರು. ಮತ್ತೆ ಯಾಕೆ ಬರಲ್ಲ ಅಂದೆ. ಅವನಿಗೆ ಎಲ್ಲಾ ಜಾಗಾನೂ ಗೊತ್ತು ಕಣೇ, ಅದಕ್ಕೇ ಎಲ್ಲೂ ಹೋಗಲ್ಲ, ಅಂದ್ರು."

 "ಬೇಜಾರಾಗಿತ್ತಾ ಅವರಿಗೆ?"

"ಬೇಜಾರಾ?" ಹೆಂಗಸು ಯೋಚಿಸಿದಳು. ರೋಗಿಯ ಜ್ವರದ ಬಗ್ಗೆ ತಪ್ಪು ಹೇಳಬಾರದೆಂಬ ಎಚ್ಚರ ಆ ಮುಖದಲ್ಲಿತ್ತು. "ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಮಾತಾಡೋರಲ್ಲ ಅವರು. ಬೇಜಾರಾದ್ರೆ ಹೇಳ್ತಿದ್ರು. ಒಂದೇ ಸಲ ಹೇಳಿದ್ರು, ನಾನು ಅವನನ್ನ ಕರೆದ ರೀತಿನೇ ಸರಿ ಇರಲಿಲ್ಲವೇನೋ, ಒಂದು ಮಾತು ಬರೆದು ಕೊಟ್ಟಿದ್ರೆ ಬರ್ತಿದ್ದ, ಬರೀ ಅಂಕಿ ಕೊಟ್ಟೆ, ಅಂತ."

ಅವನು ತರಚಿದ ಮೊಣಕೈಯನ್ನು ಒತ್ತಿ ಹಿಡಿದ.

"ಕೊನೇ ತಿಂಗಳು ಆಸ್ಪತ್ರೇಲಿ ಇದ್ರಲ್ಲ, ಆಗ ಈ ಪುಸ್ತಕ ನೀರು ಕುಡಿದುಬಿಟ್ಟಿತ್ತು. ನಾನೇ ಬಂದು ತಗೊಂಡ್ಹೋಗಿ, ಹಾಳೆ ಹಾಳೆ ಬಿಡಿಸಿ ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಹೊಸ ಪುಸ್ತಕಕ್ಕೆ ಅಂಟಿಸಿದೆ. ತೋರಿಸೋಕೆ ತಗೊಂಡ್ಹೋದ್ರೆ, ಅವರು ನೋಡಿದ್ದು ಒಂದನ್ನೇ. ಅವನ ಸಾಲು ಅಳಿಸಿಹೋಗಿಲ್ಲ ತಾನೆ ಅಂದ್ರು. ಖಾಲಿ ಸಾಲು ಹೇಗೆ ಅಳಿಸಿಹೋಗುತ್ತೆ ಚಾಳೀಸಮ್ಮಾ, ಅಂದೆ. ಇಬ್ಬರೂ ನಕ್ಕೆವು."

ಅವನೂ ಆ ತಿಂಗಳು ಆಸ್ಪತ್ರೆಗೆ ಹೋಗಿದ್ದ. ಮೂರು ಸಲ. ಒಂದೊಂದು ಸಲವೂ ಇಪ್ಪತ್ತು ನಿಮಿಷ. ಆಫೀಸು ಹೊಸ ಕಟ್ಟಡಕ್ಕೆ ಹೋಗುವ ವಿಷಯ ಹೇಳಿದ್ದ. ಹೊಸ ಕಟ್ಟಡದಲ್ಲಿ ಕಿಟಕಿಗಳು ತೆರೆಯುವುದಿಲ್ಲ ಎಂದೂ ಹೇಳಿದ್ದ. ಅಕ್ಕ ಕೇಳಿಸಿಕೊಂಡಿದ್ದಳು. ಒಮ್ಮೆ ಮೇಜಿನ ಮೇಲೆ ಅಂಟಿಸಿದ ಹಾಳೆಗಳ ದಪ್ಪ ಪುಸ್ತಕವೊಂದಿತ್ತು. ಅದೇನೆಂದು ಅವನು ಕೇಳಿರಲಿಲ್ಲ.

"ಅವರ ಮನೆಯವರು ಇದನ್ನೆಲ್ಲಾ ತೆಗೆಸಿಬಿಡ್ತಾರೇನೋ ಅಂತ ನಮಗೆ ಭಯ," ಎಂದಳು ಹೆಂಗಸು. "ಒಂದೊಂದನ್ನ ಒಬ್ಬೊಬ್ಬರು ನೋಡ್ಕೊಳ್ಳೋಣ ಅಂತ ಮಾತಾಡ್ಕೊಂಡಿದೀವಿ. ಇದು ನಂದು. ಸರಿ, ನೀವು ಬರೀರಿ. ಇನ್ನೂರ ಹದಿಮೂರು."

ಪುಸ್ತಕವನ್ನು ಕೊನೆಯ ಪುಟಕ್ಕೆ ತೆರೆದು ಅವನ ತೊಡೆಯ ಮೇಲಿಟ್ಟಳು. ಮೊಂಡು ಪೆನ್ಸಿಲನ್ನು ಒಳಗೆ ಬಿಟ್ಟು, ತನ್ನ ಚೀಲದಿಂದ ಹೊಸದೊಂದನ್ನು ತೆಗೆದು ಕೊಟ್ಟಳು.

ಏನು ಬರೆಯುವುದು? ಅವನಿಗೆ ಆಟದ ಹೆಸರಿರಲಿಲ್ಲ. ಅವಳು ಕಾಯುತ್ತಿದ್ದಳು. 'ದಾರಿಹೋಕ' ಎಂದು ಬರೆದ. ತಾರೀಕು ಹಾಕಿದ. ಬೇರೆ ಮಾತು ಹೊಳೆಯಲಿಲ್ಲ.

"ಹೊಸ ಹೆಸರು. ಪಟ್ಟಿಯಲ್ಲಿ ನೋಡಿದ ನೆನಪಿಲ್ಲ." ಅವಳು ಬಾಗಿ ಓದಿದಳು. "ಅಕ್ಷರ ಎಷ್ಟು ಚೆನ್ನಾಗಿದೆ! ಅಚ್ಚು ಹಾಕಿದ ಹಾಗೆ."

ಎಲ್ಲವನ್ನೂ ಪೆಟ್ಟಿಗೆಯೊಳಗೆ ಜೋಡಿಸತೊಡಗಿದಳು. ಸೀಟಿ, ಗೋಲಿ, ಹಿತ್ತಾಳೆ ನಂಬರು. ಕೊನೆಗೆ ಕಾರ್ಡನ್ನು ಎತ್ತಿಕೊಂಡಳು. ಎಷ್ಟೋ ಸಲ ನೋಡಿದ್ದಿರಬೇಕು. ನೋಡದೆಯೇ ಒಳಗೆ ಹಾಕಲು ಹೋದ ಕೈ ನಿಂತಿತು. ಕೆಂಪು ಅಕ್ಷರಗಳನ್ನು ನೋಡಿದಳು. ಪುಸ್ತಕವನ್ನು ಮತ್ತೆ ತೆರೆದು ಇನ್ನೂರ ಹದಿಮೂರನೆಯ ಸಾಲು ನೋಡಿದಳು. 'ಪೂರ್ವ'ದ ಒತ್ತು, 'ದಾರಿಹೋಕ'ದ ದೀರ್ಘ, ಎರಡೂ ಒಂದೇ ಅಳತೆಯಲ್ಲಿ ಬಾಗಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ಅವನ ಅಕ್ಷರ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆಫೀಸಿನಲ್ಲಿ ಅದೇ ಅವನ ಕೀರ್ತಿ.

ಈಗ ಕೇಳುತ್ತಾಳೆ, ಎಂದುಕೊಂಡ. ಕೇಳಲಿ ಎಂದೂ ಅನ್ನಿಸಿತು. ಕೇಳಿದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಆಕೆ ಕೇಳಲಿಲ್ಲ. ಕಾರ್ಡನ್ನು ಮಡಿಸದಂತೆ ಎಚ್ಚರದಿಂದ ಪುಸ್ತಕದ ಮೊದಲ ಪುಟದೊಳಗೆ ಇಟ್ಟು, ಹೊಸ ಪೆನ್ಸಿಲನ್ನು ಜೊತೆಗೆ ಸೇರಿಸಿ, ಪ್ಲಾಸ್ಟಿಕ್ ಚೀಲವನ್ನು ಎರಡು ಸುತ್ತು ಸುತ್ತಿದಳು. ಮುಚ್ಚಳ ಒತ್ತಿದಳು. ಪೆಟ್ಟಿಗೆಯನ್ನು ಸಂದಿಯ ಬಾಯಿಗಿಟ್ಟು, ಊರುಗೋಲಿನ ತುದಿಯಿಂದ ತಾನೇ ಒಳಕ್ಕೆ ತಳ್ಳಿದಳು. ಅವನಿಗೆ ಸಹಾಯ ಕೇಳಲಿಲ್ಲ.

"ಹೊಸ ಪೆನ್ಸಿಲ್ ಇಟ್ಟಿದೀನಿ," ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು. "ಯಾವಾಗ ಬಂದ್ರೂ ಬರೀಬಹುದು. ನೀವು ಯಾವ ಕಡೆ?"

"ಬಸ್ಸಿಗೆ."

"ನಾನು ಹಿಂದಿನ ದಾರೀಲಿ ಇಳೀತೀನಿ. ಗಾಳಿ ಜೋರಾಗ್ತಿದೆ, ಹುಷಾರು."

ಊರುಗೋಲಿನ ಸದ್ದು ಕಲ್ಲುಗಳ ಮೇಲೆ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಇಲ್ಲ.

ಅವನು ನಿಂತೇ ಇದ್ದ. ಗೋಡೆ ಹತ್ತು ಹೆಜ್ಜೆ ದೂರ. ಈಗ ಎಲ್ಲಿ ಕೈ ಹಾಕಬೇಕೆಂಬುದೂ ಗೊತ್ತು. ಮುಕ್ಕಾಲು ಗಂಟೆ ಬೇಡ, ಮುಕ್ಕಾಲು ನಿಮಿಷ ಸಾಕು. ನೋಡುವವರು ಯಾರೂ ಇಲ್ಲ. ಮೊದಲ ಸಾಲಿನಲ್ಲಿ ತನ್ನ ಹೆಸರನ್ನು ಅಚ್ಚು ಹಾಕಿದಂತೆ ಬರೆದುಬಿಡಬಹುದು. ಎರಡು ಹೆಜ್ಜೆ ಇಟ್ಟ. ಹೆಸರು ಬರೆಯಬಹುದು, ಪಕ್ಕದಲ್ಲಿ ತಾರೀಕು ಬರೆಯಬೇಕಲ್ಲ. ಅದರ ಕೆಳಗಿನ ಸಾಲಿನಲ್ಲೇ ಹದಿನಾಲ್ಕು ವರ್ಷದ ಹಿಂದಿನ ತಾರೀಕು ಇರುತ್ತದೆ. ಓದಿದವರಿಗೆ ಲೆಕ್ಕ ತಾನಾಗಿ ಸಿಗುತ್ತದೆ. ಖಾಲಿ ಇದ್ದಷ್ಟು ದಿನ 'ಬರಬಹುದು' ಎಂದಿರುತ್ತದೆ. ಬರೆದರೆ 'ಇಷ್ಟು ತಡ' ಎಂದಾಗುತ್ತದೆ.

ಒಳ್ಳೆಯ ಕಾರಣ ಹೊಳೆಯಿತಲ್ಲ, ಎಂದು ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಕಾರಣಗಳಿಗೆ ಅವನಲ್ಲಿ ಎಂದೂ ಬರ ಇರಲಿಲ್ಲ.

ಅರ್ಧ ಇಳಿದಾಗ ಫೋನು ಬಂತು.

"ಸಿಕ್ಕಿತಾ?" ಭಾವ.

"ಇಲ್ಲ. ಸಿಗಲಿಲ್ಲ."

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು. ಭಾವ ಅದನ್ನು ನಿಲ್ಲಿಸಿದರು.

"ಚೆನ್ನಾಗಿ ನೋಡಿದ್ಯಾ?"

"ನೋಡಿದೆ ಭಾವ. ಯಾರೋ ತಗೊಂಡು ಹೋಗಿರಬೇಕು."

"ಹೂಂ."  "ಒಳಗೇನಿತ್ತು ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಸರಿ ಬಿಡು. ಊಟಕ್ಕೆ ಬಾ."

"ಮುಂದಿನ ವಾರ..." ಎಂದ. ಭಾವ ಅಷ್ಟರಲ್ಲಿ ಫೋನು ಇಟ್ಟಿದ್ದರು.

ಬಸ್‌ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ತಗಡಿನ ಚಪ್ಪರದ ಪಕ್ಕ, ಎರಡು ಕಂಬಗಳ ನಡುವೆ, ಗುಡ್ಡದ ನಕ್ಷೆಯ ಫಲಕ. ಹತ್ತುವಾಗ ಅದನ್ನು ಗಮನಿಸಿರಲಿಲ್ಲ. ಕಣ್ಣೆಲ್ಲ ಯಂತ್ರದ ಮೇಲಿತ್ತು. ಹತ್ತಿರ ಹೋದ. ಅಕ್ಷರಗಳ ನಡುವಿನ ಅಂತರ ನೋಡಿದ ಕೂಡಲೇ ಗೊತ್ತಾಯಿತು: ತನ್ನ ವಿಭಾಗದ ಕೆಲಸ. ಯಾವ ವರ್ಷದಲ್ಲೋ ತಾನೇ ತಿದ್ದಿ ಸಹಿ ಹಾಕಿದ್ದಿರಬೇಕು. ತಪ್ಪು ಹುಡುಕಿದ. ಇರಲಿಲ್ಲ. ಟ್ಯಾಂಕು, ಪಂಪ್‌ಹೌಸು, ಮೆಟ್ಟಿಲು, ಕಾಲುದಾರಿ, ಕುಡಿಯುವ ನೀರು. ಒಂದು ಹೆಸರೂ ಒಂದು ಗೆರೆಗೂ ತಾಗಿರಲಿಲ್ಲ.

ಕೆಳಗಿನ ಮೂಲೆಯಲ್ಲಿ ಕಪ್ಪು ಬಾಣವೊಂದಿತ್ತು, ಅದರ ಹಿಂದೆ ದಪ್ಪ ಅಕ್ಷರದಲ್ಲಿ, 'ನೀವು ಇಲ್ಲಿದ್ದೀರಿ.'

ಬಾಣದ ತುದಿಯಲ್ಲಿ ಏನೂ ಇರಲಿಲ್ಲ. ಬಂದವರೆಲ್ಲ ಬೆರಳಿಟ್ಟು ಬೆರಳಿಟ್ಟು ಬಣ್ಣ ಸವೆದುಹೋಗಿತ್ತು. ರಸ್ತೆ, ಸ್ಟಾಪು, ಕೆಂಪು ಚುಕ್ಕೆ, ಎಲ್ಲ ಅಳಿಸಿ ರೂಪಾಯಿಯಗಲದ ತಗಡು ಬತ್ತಲೆಯಾಗಿ ಹೊಳೆಯುತ್ತಿತ್ತು. ಸುತ್ತಲಿನ ದಾರಿಗಳೆಲ್ಲ ಅದರ ಅಂಚಿನವರೆಗೆ ಸರಿಯಾಗಿ ಬಂದು ನಿಂತಿದ್ದವು.

ಬಸ್ಸು ಬಂತು. ಬಾಗಿಲು ತೆರೆದು ಸ್ವಲ್ಪ ಹೊತ್ತು ಕಾಯಿತು. ಡ್ರೈವರ್ ಒಮ್ಮೆ ಹಾರ್ನ್ ಒತ್ತಿ, ಬಾಗಿಲು ಮುಚ್ಚಿ ಹೊರಟುಹೋದ.

ಅವನು ಆ ಹೊಳೆಯುವ ಜಾಗದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ತಗಡು ಬಿಸಿಲಿಗೆ ಸುಡುತ್ತಿತ್ತು.